ಸದ್ದಿಲ್ಲದ ಫ್ಯಾನು

ಏಪ್ರಿಲ್ 13, ಭಾನುವಾರ

ನಮ್ಮ ಬುದ್ಧ ವಿಹಾರದ ಕಮಿಟಿ ಮೀಟಿಂಗಲ್ಲಿ ಒಂದೂವರೆ ಗಂಟೆ ಕೂತು ಬಂದೆ. ತಲೆ ಕೆಟ್ಟು ಕೆರ ಹಿಡಿದುಹೋಯ್ತು. ಹನ್ನೊಂದು ಜನ ಇದ್ದಾರೆ ಕಮಿಟಿಯಲ್ಲಿ, ಅದರಲ್ಲಿ ಹತ್ತು ಜನಕ್ಕೆ ಮಾತಾಡೋಕೇ ಬರಲ್ಲ. ಎಲ್ಲ ಬಾಯೊಳಗೇ ಗೊಣಗೋದು. ಅಧ್ಯಕ್ಷೆ ವಸಂತಮ್ಮ ಮೇಡಂ ಒಬ್ಬರೇ ಮನುಷ್ಯರ ಥರ ಮಾತಾಡ್ತಾರೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದವರು, ಹಿಂದಿನ ಬೆಂಚಿಗೂ ಮುಟ್ಟೋ ಗಂಟಲು.

ವಿಷಯ ಏನಂದ್ರೆ ಬುದ್ಧ ಪೂರ್ಣಿಮೆ ಮೆರವಣಿಗೆ, ಮೇ ಹನ್ನೆರಡಕ್ಕೆ. ಹದಿನಾಲ್ಕು ವರ್ಷದಿಂದ ಬುದ್ಧನ ಮೂರ್ತಿ ನನ್ನ ಪಿಕಪ್ ಮೇಲೇ ಹೋಗ್ತಿರೋದು, ಹೂಟಗಳ್ಳಿಯಿಂದ ಕುಂಬಾರಕೊಪ್ಪಲಿನ ಮೈದಾನದವರೆಗೆ. ಸ್ಟೀರಿಂಗ್ ಹಿಡಿಯೋನೂ ನಾನೇ. ಹೋದ ವರ್ಷ ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದ್ದು ಬಾನೆಟ್ಟಿಂದ ಆವಿ ಎದ್ದು ಮೂರ್ತಿಯ ಮುಖವೇ ಕಾಣದ ಹಾಗಾಯ್ತು. ಮುಕ್ಕಾಲು ಗಂಟೆ ಜನ ಬಿಸಿಲಲ್ಲಿ ನಿಂತರು. ಯಾವನೋ ವಿಡಿಯೋ ಬೇರೆ ಮಾಡಿ ಊರಿಗೆಲ್ಲ ಕಳಿಸಿದ.

"ಮೂಗಯ್ಯನವರೇ, ಇನ್ನೊಂದೇ ಅವಕಾಶ. ಪೂರ್ಣಿಮೆಗೆ ಮುಂಚೆ ನಡಿಗೆ ವೇಗದಲ್ಲಿ ಒಂದು ಗಂಟೆ ಗಾಡಿ ಓಡಿಸಿ ತೋರಿಸಿ. ಕುದಿದ್ರೆ ಈ ಸಲ ರಾಹುಲ್ ಗಾಡಿ" ಅಂದರು ವಸಂತಮ್ಮ. ರಾಹುಲ್ ನಮ್ಮ ಕಾರ್ಯದರ್ಶಿ, ಮೂವತ್ತೆರಡು ವರ್ಷದವನು, ಹೊಸ ಗಾಡಿ ತಗೊಂಡಿದ್ದಾನೆ. ನನ್ನ ಕಡೆ ನೋಡಿ ಏನೋ ಅಂದ. ಏನಂದನೋ ಏನೋ, ನಾನೂ ತಲೆಯಾಡಿಸಿದೆ.

ರಿಟೈರ್ ಆಗಿ ಮೂರು ವರ್ಷ ಆಯ್ತು. ವರ್ಷಕ್ಕೊಂದು ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಆ ಸೀಟಲ್ಲಿ ಕೂತಾಗ ಜನ ನನ್ನ ನೋಡ್ತಾರೆ. ಮಿಕ್ಕ ದಿನ ಯಾರು ನೋಡ್ತಾರೆ? ಅದೂ ಹೋದ್ರೆ ನನಗೆ ತಡೆಯಕ್ಕಾಗಲ್ಲ. ಇದನ್ನ ಇಲ್ಲಿ ಬರೀಬಹುದು, ಯಾರಿಗೂ ಹೇಳೋಕಾಗಲ್ಲ.

ಏಪ್ರಿಲ್ 15, ಮಂಗಳವಾರ

ಗ್ಯಾರೇಜಿನವನು ನೋಡಿ ಫ್ಯಾನ್ ಸೋತಿದೆ ಅಂದ. ಅಷ್ಟು ಹಳೇ ಗಾಡಿಗೆ ಸಾಮಾನು ಸಿಗೋದು ಕಷ್ಟವಂತೆ. ಮನೆಗೆ ಬಂದು ಹೇಳಿದ್ದೇ ತಡ, ನನ್ನ ಮಗಳು ಧರಣಿ ತನ್ನ ಪಾಠ ಶುರು ಮಾಡಿದಳು.

"ನಿನ್ ಫ್ಯಾನು ಇಂಜಿನ್ ಜೊತೆ ಬೆಲ್ಟಲ್ಲಿ ತಿರುಗೋದು ಕಣಪ್ಪ. ಇಂಜಿನ್ ನಿಧಾನ ಆದ್ರೆ ಅದೂ ನಿಧಾನ. ಮೆರವಣಿಗೇಲಿ ತೆವಳ್ಕೊಂಡು ಹೋಗ್ವಾಗ ಗಾಳಿ ಎಲ್ಲಿಂದ ಬರ್ಬೇಕು? ತೆಗ್ದಾಕು ಅದನ್ನ. ಕರೆಂಟ್ ಫ್ಯಾನ್ ಹಾಕೋಣ. ಬ್ಯಾಟರಿ ಮೇಲೆ ಓಡುತ್ತೆ, ಗಾಡಿ ನಿಂತಿದ್ರೂ ಪೂರ್ತಿ ಗಾಳಿ."

ಇವಳು ಐಟಿಐ ಎಲೆಕ್ಟ್ರಿಷಿಯನ್ನು. ರಾಮಕೃಷ್ಣನಗರದಲ್ಲಿ ಅವಳದೇ ಅಂಗಡಿ, ಕಾರು ಬೈಕುಗಳ ವೈರಿಂಗ್ ಕೆಲಸ. ನಾನು ಮೂವತ್ತೊಂದು ವರ್ಷ ಫ್ಯಾಕ್ಟರೀಲಿ ಫಿಟ್ಟರು. ಕಣ್ಣಿಗೆ ಕಾಣೋ ಬೆಲ್ಟ್ ಬಿಟ್ಟು ಕಣ್ಣಿಗೆ ಕಾಣದ ಕರೆಂಟ್ ನಂಬು ಅಂತಾಳೆ ನನಗೆ! ಊಟದ ತನಕ ವಾದ ಮಾಡಿದೆ. ಬೇರೆ ದಾರಿ ಇಲ್ಲ, ಹೂಂ ಅಂದೆ.

ಏಪ್ರಿಲ್ 20, ಭಾನುವಾರ

ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಸಂಜೆ ನಾಲ್ಕಾಯ್ತು. ನಾಲ್ಕು ಬೋಲ್ಟ್ ಬಿಚ್ಚಿದ್ರೆ ಹಳೇ ಫ್ಯಾನ್ ಕೈಗೆ ಬಂತು. ಹತ್ತೊಂಬತ್ತು ವರ್ಷ ತಿರುಗಿದ ಕಬ್ಬಿಣ, ಗೋಡೆಗೆ ಒರಗಿಸಿಟ್ಟೆ. ಹೊಸದು ಅಂತ ಇವಳು ತಂದಿದ್ದು ಗುಜರಿ ಕಾರಿನ ಪ್ಲಾಸ್ಟಿಕ್ ಫ್ಯಾನು. ಅದನ್ನ ರೇಡಿಯೇಟರ್ ಹಿಂದೆ ಕೂರಿಸೋಕೆ ಪಟ್ಟಿ ಕೊರೆದು ಕ್ಲಾಂಪ್ ಮಾಡಿದ್ದು ನಾನು. ಇಡೀ ಕೆಲಸದಲ್ಲಿ ನೆಟ್ಟಗಿರೋದು ಅದೊಂದೇ. ಮಿಕ್ಕಿದ್ದೆಲ್ಲ ಅವಳ ವೈರು. ರೇಡಿಯೇಟರಿಗೆ ಒಂದು ಸ್ವಿಚ್ಚು, ನೀರು ಬಿಸಿ ಆದ್ರೆ ಅದು ರಿಲೇಗೆ ಹೇಳುತ್ತಂತೆ, ರಿಲೇ ಫ್ಯಾನಿಗೆ ಕರೆಂಟ್ ಕೊಡುತ್ತಂತೆ. ಒಬ್ಬರು ಇನ್ನೊಬ್ಬರಿಗೆ ಹೇಳ್ತಾ ಕೂತ್ರೆ ಕೆಲಸ ಆದ ಹಾಗೇ, ನಮ್ಮ ಕಮಿಟಿ ನೋಡಿಲ್ವಾ.

ಸ್ಟಾರ್ಟ್ ಮಾಡಿ ಕಾಯ್ತಾ ನಿಂತ್ವಿ. ಹತ್ತು ನಿಮಿಷಕ್ಕೆ "ಬಂತು" ಅಂದ್ಳು.

"ಏನ್ ಬಂತು?"

"ಫ್ಯಾನ್ ಬಂತಲ್ಲಪ್ಪಾ!"

ಎಲ್ಲಿ ಬಂತು? ಒಂದು ಚೂರು ಸದ್ದಿಲ್ಲ. ಹಳೇ ಫ್ಯಾನು ಗುಂಯ್ ಅಂದ್ರೆ ಮೂರನೇ ಕ್ರಾಸಿಗೆ ಗೊತ್ತಾಗ್ತಿತ್ತು, ಮೂಗಯ್ಯ ಹೊರಟ ಅಂತ. ಇದು ತಿರುಗ್ತಾನೇ ಇಲ್ಲ ಅಂದೆ. ಅವಳು ಪೇಪರ್ ತಂದು ಮುಂದಿನ ಜಾಲರಿಗೆ ಹಿಡಿದ್ಳು, ಟಪ್ ಅಂತ ಅಂಟ್ಕೊಂತು. ಗಾಳಿ ಎಳೀತಿದೆ ಅನ್ನೋದಕ್ಕೆ ಸಾಕ್ಷಿಯಂತೆ. ಪೇಪರ್ ಹಿಡ್ಕೊಳ್ಳೋಕೆ ಫ್ಯಾನ್ ಯಾಕೆ, ಗುಂಡುಪಿನ್ನು ಸಾಲದಾ ಅಂದೆ.

ಅವಳಿಗೆ ಸಿಟ್ಟು ಬರುತ್ತೆ ಅಂದ್ಕೊಂಡ್ರೆ ಬರಲಿಲ್ಲ. ನನ್ನ ಮುಖಾನೇ ನೋಡ್ತಾ, "ಅಪ್ಪಾ, ನಿಜ ಹೇಳು, ನಿಂಗೆ ಕೇಳ್ತಾ ಇಲ್ವಾ?" ಅಂದ್ಳು. ಸದ್ದೇ ಇಲ್ಲದ್ದನ್ನ ಎಲ್ಲಿಂದ ಕೇಳ್ಲಿ?

ಏಪ್ರಿಲ್ 21, ಸೋಮವಾರ

ಬೇಳೆ ಸೀದು ಕರಕಲು. ಹೆಂಡತಿ ಪುಟ್ಟಲಿಂಗಮ್ಮ ಅಂಗಡಿಗೆ ಹೋಗೋ ಮುಂಚೆ ಮೂರು ವಿಷಲ್ ಆದ್ಮೇಲೆ ಒಲೆ ಆರಿಸಿ ಅಂದಿದ್ಳು. ನಾನು ಅಡುಗೆಮನೆ ಬಾಗಿಲಲ್ಲೇ ಪೇಪರ್ ಓದ್ತಾ ಕೂತಿದ್ದೆ. ಒಂದು ವಿಷಲ್ ಆಗಲಿಲ್ಲ. ಕುಕ್ಕರ್ ಬಿಚ್ಚಿ ಪಿನ್ ಹಾಕಿ ವಿಷಲ್ ಶುದ್ಧ ಮಾಡಿಟ್ಟೆ. ಒಂದು ಥ್ಯಾಂಕ್ಸ್ ಇಲ್ಲ. ಬರ್ತಾ ಬರ್ತಾ ನನ್ನ ಹೆಂಡತಿ ನನ್ನ ಹತ್ತಿರ ಮಾತಾಡೋದೇ ನಿಲ್ಲಿಸಿದ್ದಾಳೆ. ಬೇಕಾದ್ದು ಬೇಡದ್ದು ಎಲ್ಲ ಕೈಯಲ್ಲೇ ತೋರಿಸೋದು.

ಏಪ್ರಿಲ್ 24, ಗುರುವಾರ

ಪ್ಲೈವುಡ್ ಬಾಡಿಗೆ ಇತ್ತು, ದಟ್ಟಗಳ್ಳಿಗೆ. ಥತ್, ಗಾಡಿ ಓಡಿಸೋ ಖುಷಿಯೇ ಹೋಯ್ತು. ಹಳೇ ಫ್ಯಾನಿನ ಸದ್ದು ಏರಿದ್ರೆ ಗೇರ್ ಮೇಲೆ ಹಾಕೋದು, ಇಳಿದ್ರೆ ಕೆಳಗೆ ಹಾಕೋದು, ಹತ್ತೊಂಬತ್ತು ವರ್ಷದ ಲೆಕ್ಕ ಅದು. ಈಗ ಇಂಜಿನ್ ಇದೆಯಾ ಆಫ್ ಆಯ್ತಾ ಅನ್ನೋದೇ ತಿಳಿಯಲ್ಲ. ಎರಡು ಸಲ ಓಡ್ತಿರೋ ಇಂಜಿನ್ನಿಗೇ ಕೀ ತಿರುಗಿಸಿದೆ, ಗಾಡಿ ಹಲ್ಲು ಕಡಿದ ಹಾಗೆ ನಡುಗ್ತು. ರಿಂಗ್ ರೋಡಲ್ಲಿ ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಕಿಟಕಿ ಗುದ್ದಿ ಬೈದ. ಹಾರ್ನ್ ಹೊಡೆಯದೆ ಬರೋದು, ಬಂದು ನನಗೇ ಬೈಯೋದು!

ಮನೆಗೆ ಬಂದು ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿದೆ. ಇದು ಫಿಟ್ಟರುಗಳ ಹಳೇ ವಿದ್ಯೆ. ಸ್ಕ್ರೂಡ್ರೈವರ್ ತುದಿ ಮಷೀನಿಗೆ, ಹಿಡಿ ಕಿವಿ ಹಿಂದಿನ ಮೂಳೆಗೆ. ಬೇರಿಂಗ್ ಸವೆದಿದ್ರೆ ಒಳಗಿಂದಲೇ ಹೇಳುತ್ತೆ. ಫ್ಯಾಕ್ಟರಿಯಲ್ಲಿ ಪಕ್ಕದವನ ಮಾತು ಕೇಳದ ಗದ್ದಲದಲ್ಲಿ ಇದರಿಂದಲೇ ಎಷ್ಟು ಮಷೀನು ಉಳಿಸಿದ್ದೀನಿ. ಇವತ್ತು ಇಂಜಿನ್ನಿಗೆ ಹಿಡಿದೆ, ಎಲ್ಲ ಸ್ಪಷ್ಟ ಕೇಳಿಸ್ತು. ಅಂದ್ರೆ ನನ್ನ ಕಿವಿ ಚೆನ್ನಾಗಿದೆ. ಎರಡು ದಿನದಿಂದ ಧರಣಿ ಕಿವಿ ಕಿವಿ ಅಂತಿದ್ಳಲ್ಲ, ಅದಕ್ಕೆ ಪರೀಕ್ಷೆ ಮಾಡಿದ್ದು. ಮಾತು ಮುಗೀತು.

ಏಪ್ರಿಲ್ 26, ಶನಿವಾರ

ರಿಲೇ ಸರಿಯಿಲ್ಲ ಅನ್ನೋದು ನನ್ನ ಅನುಮಾನ. ಫ್ಯಾನಿಗೆ ಕರೆಂಟ್ ಕೊಡುವಾಗ ರಿಲೇ ಟಿಕ್ ಅನ್ನಬೇಕು, ಧರಣಿಯೇ ಹೇಳಿದ್ದು. ಇದು ಅನ್ನಲ್ಲ. ಬಿಚ್ಚಿಕೊಂಡು ಸುಂದರೇಶನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬೇರೆ ಕೊಡಪ್ಪಾ ಅಂದೆ. ಕೊಟ್ಟ. ಅಲ್ಲೇ ಬ್ಯಾಟರಿಗೆ ಹಿಡಿದು ನೋಡಿದೆ, ಅದೂ ಟಿಕ್ ಅನ್ನಲಿಲ್ಲ. ಇನ್ನೊಂದು ಕೊಡು ಅಂದೆ. ಅದೂ ಇಲ್ಲ. ಹೀಗೇ ನಾಲ್ಕು! ಒಂದು ಡಬ್ಬಿ ಪೂರ್ತಿ ಕಳಪೆ ಮಾಲು ಇಟ್ಕೊಂಡು ವ್ಯಾಪಾರ ಮಾಡ್ತಿದ್ದಾನೆ.

ಸುಂದರೇಶ ಒಂದನ್ನ ತಗೊಂಡು ನನ್ನ ಕಿವಿಯ ಹತ್ತಿರಾನೇ ತಂದು ವೈರ್ ಮುಟ್ಟಿಸಿದ. ಮುಟ್ಟಿಸಿ ನನ್ನ ಮುಖ ನೋಡಿದ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ನೋಡಿದ್ರು. ಆಮೇಲೆ ಅವನು ತುಂಬ ಮರ್ಯಾದೆಯಿಂದ, "ಇದು ಹೊಸ ಮಾಡೆಲ್ಲು ಅಣ್ಣ, ಸದ್ದು ಬರಲ್ಲ" ಅಂತ ದೊಡ್ಡದಾಗಿ ಹೇಳಿದ. ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು? ಬಿಸಿಲಲ್ಲಿ ಅಷ್ಟು ಹೊತ್ತು ನಿಲ್ಲಿಸಿಬಿಟ್ಟ.

ಏಪ್ರಿಲ್ 27, ಭಾನುವಾರ

ಎಡಗೈಯಲ್ಲಿ ಪುಸ್ತಕ ಒತ್ತಿ ಹಿಡಿದು ಬರೀತಿದ್ದೀನಿ. ಆ ಕೈಯ ಎರಡು ಬೆರಳಿಗೆ ಬ್ಯಾಂಡೇಜು.

ಇಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕ್ಕೊಂಡೇ ಬಾನೆಟ್ ಎತ್ತಿದ್ದು. ಕ್ಲಾಂಪ್ ಅಲ್ಲಾಡ್ತಿದೆಯಾ ಅಂತ ಕೈ ಇಟ್ಟೆ, ಫ್ಯಾನ್ ಸುಮ್ಮನೆ ಇದ್ದದ್ದು ರಪ್ ಅಂತ ತಿರುಗಿತು. ಕೀ ಇಲ್ಲದಿದ್ರೂ ನೀರು ಬಿಸಿ ಇದ್ರೆ ತಿರುಗುತ್ತಂತೆ. ಇದನ್ನ ಮೊದಲೇ ಹೇಳಿದ್ದೆ ಅಂತಾಳೆ ಧರಣಿ. ಇವತ್ತೂ ಹಿಂದೆ ನಿಂತು ಕೈ ತೆಗಿ ಕೈ ತೆಗಿ ಅಂತ ಕೂಗಿದಳಂತೆ. ಕೂಗಿದ್ರೆ ತೆಗೀತಿರಲಿಲ್ವಾ, ನನಗೇನು ಬೆರಳು ಹೆಚ್ಚಾಗಿದೆಯಾ? ಪ್ಲಾಸ್ಟಿಕ್ ಆಗಿದ್ದಕ್ಕೆ ಉಗುರಿಗೆ ಹೋಯ್ತು. ಅದೇ ಹಳೇ ಕಬ್ಬಿಣದ್ದಾಗಿದ್ರೆ ಬೆರಳೇ ಇರ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದ್ಮೇಲೆ ಇವಳು ಮೆಟ್ಟಿಲ ಮೇಲೆ ಕೂತು ಅಳ್ತಿದ್ದಳು. ಬೆರಳು ನಂದು, ಅಳೋದು ಇವಳು. ಹತ್ತಿರ ಹೋಗಿ, "ಬುಡವ್ವ, ಏನಾಗಿಲ್ಲ" ಅಂದೆ. ಇನ್ನೂ ಜಾಸ್ತಿ ಅತ್ತಳು.

ಏಪ್ರಿಲ್ 30, ಬುಧವಾರ

ಡ್ಯಾಶ್‌ಬೋರ್ಡ್ ಮೇಲೆ ಒಂದು ಕೆಂಪು ಬಲ್ಬ್ ಹಾಕಿಕೊಟ್ಟಳು. ಫ್ಯಾನ್ ತಿರುಗಿದ್ರೆ ಹತ್ತುತ್ತೆ, ನಿಂತ್ರೆ ಆರುತ್ತೆ. ನಾನು ಕೇಳಿರಲಿಲ್ಲ, ಅವಳಾಗೇ ಮಾಡಿದ್ದು. ಒಳ್ಳೇ ಕೆಲಸ. ಇಂಜಿನ್ ಓಡ್ತಿದೆ ಅನ್ನೋದಕ್ಕೂ ಒಂದು ಹಸಿರು ಬಲ್ಬ್ ಇಟ್ಟಿದ್ದಾಳೆ. ಅದ್ಯಾಕೆ ಅಂದೆ. "ಇರ್ಲಿ ಬುಡಪ್ಪ, ವೈರ್ ಮಿಕ್ಕಿತ್ತು" ಅಂದ್ಳು.

ವೈರನ್ನ ಎಷ್ಟು ಅಚ್ಚುಕಟ್ಟಾಗಿ ಸುತ್ತಿ ಕಟ್ಟಿದ್ದಾಳೆ ಅಂದ್ರೆ ನಮ್ಮ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲೂ ಹಾಗೆ ಕಟ್ಟೋರು ಇರಲಿಲ್ಲ. ಅವಳ ಮುಂದೆ ಹೇಳಿಲ್ಲ.

ಮೇ 4, ಭಾನುವಾರ

ಗೆದ್ದೆ! ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ವಸಂತಮ್ಮ ಮೇಡಂ ಕೊಡೆ ಹಿಡಿದು ನಿಂತರು. ಮೂರ್ತಿಯ ತೂಕಕ್ಕೆ ಹದಿನಾರು ಮೂಟೆ ಮರಳು ಹಾಕಿ, ಬಡಾವಣೆಯ ಸುತ್ತ ಒಂದು ಗಂಟೆ ಹತ್ತು ನಿಮಿಷ ಮೊದಲನೇ ಗೇರಲ್ಲೇ ತೆವಳಿದೆ. ಬಲ್ಬ್ ಹತ್ತೋದು, ಆರೋದು, ಹತ್ತೋದು. ನೀರಿನ ಬಿಸಿ ತೋರಿಸೋ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. "ಶಹಬಾಸ್ ಮೂಗಯ್ಯನವರೇ, ನಿಮ್ಮ ಗಾಡೀನೇ!" ಅಂದ್ರು ಮೇಡಂ. ರಾಹುಲ್ ಕಿಟಕಿ ಪಕ್ಕ ನಡ್ಕೊಂಡು ಬರ್ತಾ ಇಡೀ ದಾರಿ ಏನೋ ಹೇಳ್ತಿದ್ದ. ನನಗೆ ಅವನ ಕಡೆ ನೋಡೋಕೆ ಪುರುಸೊತ್ತೆಲ್ಲಿ, ಕಣ್ಣು ಬಲ್ಬ್ ಮೇಲೆ.

ಸಂಜೆ ಧರಣಿ ಒಂದು ತಗಾದೆ ತೆಗೆದಳು. ಮೆರವಣಿಗೆ ದಿನ ನಾನು ನಿನ್ನ ಪಕ್ಕ ಕೂರ್ತೀನಿ ಅಂತ. ಪಕ್ಕದ ಸೀಟಲ್ಲಿ ಹೂವಿನ ಬುಟ್ಟಿ ಇರುತ್ತೆ, ಹದಿನಾಲ್ಕು ವರ್ಷದಿಂದ ಹಾಗೇ, ಆಗಲ್ಲ ಅಂದೆ.

"ಹಂಗಾದ್ರೆ ನಿನ್ ಕಿಟಕಿ ಪಕ್ಕ ನಡೀತೀನಿ."

"ನಡಿ. ಕಾಲು ನಿಂದು."



ಮೇ 11, ಭಾನುವಾರ

ಗಾಡಿಗೆ ಅಲಂಕಾರ ಮುಗೀತು. ಬಿಳಿ ಶರ್ಟಿಗೆ ಇಸ್ತ್ರಿ ಆಯ್ತು.

ಮೇ 12, ಸೋಮವಾರ

ನೀರು ಕುದಿಯಲಿಲ್ಲ. ಇವತ್ತು ಇಷ್ಟೇ.

ಮೇ 13, ಮಂಗಳವಾರ

ಬರೆದುಬಿಡ್ತೀನಿ. ಬರೆಯದೆ ಇದ್ರೆ ನಾಳೆ ಇದನ್ನೂ ಬೇರೆ ಥರ ಹೇಳಿಕೊಳ್ತೀನಿ.

ಹೂಟಗಳ್ಳಿ ಬಿಟ್ಟಾಗಿಂದ ಎಲ್ಲ ಚೆನ್ನಾಗಿತ್ತು. ಮುಂದೆ ತಮಟೆಯವರು, ಅವರ ಹಿಂದೆ ಕಾವಿ ಉಟ್ಟ ಭಂತೇಜಿಗಳು, ಆಮೇಲೆ ಬಿಳಿ ಸೀರೆ ಉಟ್ಟ ಹೆಂಗಸರು ತಾವರೆ ಹೂವಿನ ತಟ್ಟೆ ಹಿಡಿದು ನಾಲ್ಕು ನಾಲ್ಕು ಜನದ ಸಾಲಲ್ಲಿ. ಕೊನೇ ಸಾಲಿನಲ್ಲಿ ಪುಟ್ಟಲಿಂಗಮ್ಮ. ಅವಳ ಬೆನ್ನ ಹಿಂದೆ ನನ್ನ ಗಾಡಿ.

ಕುಂಬಾರಕೊಪ್ಪಲಿನ ತಿರುವಿನಲ್ಲಿ ಬಸ್ಸೊಂದು ಅಡ್ಡ ಬಂದು ಮೆರವಣಿಗೆ ನಿಂತಿತು. ನಾನು ನೋಡಲಿಲ್ಲ. ಮುಳ್ಳು ಅರ್ಧ ದಾಟಿತ್ತು, ಕೆಂಪು ಬಲ್ಬ್ ಇನ್ನೂ ಹತ್ತಿರಲಿಲ್ಲ. ಹತ್ತು, ಹತ್ತು ಅಂತ ಅದನ್ನೇ ನೋಡ್ತಿದ್ದೆ. ಹತ್ತಿತು. ಆ ಖುಷಿಯಲ್ಲೇ ಇದ್ದೆ, ಇದ್ದಕ್ಕಿದ್ದಂತೆ ಧರಣಿಯ ಕೈ ಕಿಟಕಿಯಿಂದ ಒಳಗೆ ಬಂದು ಕೀ ತಿರುಗಿಸಿತು. ಗಾಡಿ ಒದ್ದುಕೊಂಡು ನಿಂತಿತು. ತಲೆ ಎತ್ತಿದ್ರೆ ಎದುರಿಗೆ ಪುಟ್ಟಲಿಂಗಮ್ಮ ಇಲ್ಲ.

ಬಂಪರ್ ಮುಂದೆ ಬಿದ್ದಿದ್ದಳು. ಅಂಗೈ ಊರಿ, ಮಂಡಿ ಊರಿ. ತಾವರೆ ಎಲ್ಲ ರಸ್ತೆ ಮೇಲೆ. ಇನ್ನೊಂದು ಗೇಣು ಹೋಗಿದ್ರೆ ಚಕ್ರ. ನನ್ನ ಹೆಂಡತಿ ಮೇಲೆ ನನ್ನ ಗಾಡಿ ಚಕ್ರ.

ಹೇಗೆ ಇಳಿದೆನೋ ಗೊತ್ತಿಲ್ಲ. ರಾಹುಲ್ ಅವಳನ್ನ ಎತ್ತಿ ನಿಲ್ಲಿಸಿದ್ದ. ಮಂಡಿ ತರಚಿ ಸೀರೆಗೆ ರಕ್ತ ಹತ್ತಿತ್ತು, ಬಲಗೈ ಮಣಿಕಟ್ಟು ಊದಿತ್ತು. ಸುತ್ತ ಜನ ಎಲ್ಲ ನನ್ನೇ ನೋಡ್ತಿದ್ರು, ಬಾಯಿಗಳು ಅಲ್ಲಾಡ್ತಿದ್ವು. ಪುಟ್ಟಲಿಂಗಮ್ಮ ವಸಂತಮ್ಮನವರಿಗೆ ಏನೋ ಹೇಳಿದಳು. ಮೇಡಂ ಜನರ ಕಡೆ ತಿರುಗಿ ದೊಡ್ಡದಾಗಿ ಹೇಳಿದ್ರು, "ಏನೂ ಆಗಿಲ್ಲ, ಅವರೇ ಎಡವಿಬಿದ್ದರಂತೆ. ಮುಂದೆ ನಡೀರಿ."

ಧರಣಿಯನ್ನ ಕೇಳಿದೆ, "ನೀನು ಎಷ್ಟು ಸಲ ಕೂಗ್ದೆ?"

ಅವಳು ಬಗ್ಗಿ ತಾಯಿಯ ಸೀರೆಯ ಧೂಳು ಕೊಡವಿದಳು. ಕೇಳಿದ್ದು ಇನ್ನೊಂದು ಸಲ ಕೇಳಿದೆ. ಕೈ ಬೆರಳು ಐದೂ ತೋರಿಸಿ, ಇನ್ನೂ ಜಾಸ್ತಿ ಅನ್ನೋ ಹಾಗೆ ಕೈ ಅಲ್ಲಾಡಿಸಿದಳು. ಎಲ್ಲರೂ ಕೂಗಿದ್ರಂತೆ. ಪುಟ್ಟಲಿಂಗಮ್ಮಾನೂ ತಿರುಗಿ ನನ್ನ ಮುಖ ನೋಡಿ ಕೂಗಿದಳಂತೆ.

ಅವಳು ನನಗೋಸ್ಕರ ಅಷ್ಟು ಜನರ ಮುಂದೆ ಸುಳ್ಳು ಹೇಳಿ, ಊದಿದ ಕೈಯಲ್ಲೇ ತಟ್ಟೆ ಎತ್ತಿಕೊಳ್ಳೋಕೆ ಬಗ್ಗಿದಳು. ನನಗೆ ತಡೆಯಲಾಗಲಿಲ್ಲ.

"ಇವಳು ಎಡವಲಿಲ್ಲ ಮೇಡಂ. ನಾನೇ ಗುದ್ದಿದ್ದು. ನನಗೆ ಕೇಳಿಸಲ್ಲ" ಅಂದೆ. ಎಷ್ಟು ಜೋರಾಗಿ ಅಂದೆನೋ, ತಮಟೆಯವರೂ ಹಿಂತಿರುಗಿ ನೋಡಿದ್ರು.

ಕೀಯನ್ನ ಧರಣಿ ಕೈಗೆ ಕೊಟ್ಟೆ. ರಾಹುಲ್‌ಗೆ ಕೊಡ್ಲಾ ಅನ್ನೋ ಹಾಗೆ ಅವಳು ನೋಡಿದಳು. ನೀನೇ ಕೂತ್ಕೋ, ನಿನ್ನ ಫ್ಯಾನು ಅಂದೆ. ಅವಳು ಕೂತಳು. ಗಾಡಿ ಜರ್ಕ್ ಹೊಡೆಯದೆ ಹೊರಟಿತು. ನಾನು ತಟ್ಟೆ ಹಿಡಿದು ಹೆಂಗಸರ ಸಾಲಿನಲ್ಲಿ ಪುಟ್ಟಲಿಂಗಮ್ಮನ ಪಕ್ಕ ಮೈದಾನದವರೆಗೆ ನಡೆದೆ. ಬಿಳಿ ಶರ್ಟಲ್ಲಿ. ಎಲ್ಲರೂ ನೋಡಿದ್ರು.

ಮೇ 19, ಸೋಮವಾರ

ಮಾನಸಗಂಗೋತ್ರಿಯ ಪಕ್ಕ ಇರೋ ಕಿವಿ ಆಸ್ಪತ್ರೆಗೆ ಮೂರು ಜನವೂ ಹೋಗಿದ್ವಿ. ಧರಣಿ ಗಾಡಿ ಓಡಿಸಿದಳು. ಮುಂದಿನ ವರ್ಷವೂ ಅವಳೇ ಅಂತ ಕಮಿಟಿಯಲ್ಲಿ ನಾನೇ ಎದ್ದುನಿಂತು ಹೇಳಿ ಬಂದಿದ್ದೀನಿ. ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ಆಸ್ಪತ್ರೆಯಲ್ಲಿ ಜನವೋ ಜನ. ಎರಡು ಗಂಟೆ ಕಾದ ಮೇಲೆ ಫಾರಂ ಬರೆಯೋ ಹುಡುಗಿ ನನ್ನ ಎದುರು ಕೂತಳು. ನೇರವಾಗಿ ನನ್ನ ಮುಖ ನೋಡಿ, ನಿಧಾನವಾಗಿ ಬಾಯಿ ಬಿಡಿಸಿ ಕೇಳಿದಳು.

"ಎಷ್ಟು ದಿನದಿಂದ ಕಮ್ಮಿ ಕೇಳಿಸ್ತಿದೆ?"

"ಒಂದು ತಿಂಗಳಾಯ್ತು. ಗಾಡಿಗೆ ಹೊಸ ಫ್ಯಾನ್ ಹಾಕಿದಾಗಿಂದ" ಅಂದೆ.

ಪುಟ್ಟಲಿಂಗಮ್ಮ ಬ್ಯಾಂಡೇಜ್ ಕಟ್ಟಿದ ಕೈಯನ್ನ ನನ್ನ ತೋಳ ಮೇಲಿಟ್ಟು ಹುಡುಗಿಗೆ ಏನೋ ಹೇಳಿದಳು. ಹುಡುಗಿ ಅವಳನ್ನ ನೋಡಿ, ಬರೆದಿದ್ದನ್ನ ಹೊಡೆದುಹಾಕಿ ಬೇರೆ ಬರೆದಳು. ನಾನು ಫಾರಂ ಕಡೆ ಬಗ್ಗಿ ನೋಡಿದೆ. ಒಂಬತ್ತು ವರ್ಷ ಅಂತ ಬರೆದಿತ್ತು.

ಮೈಯೆಲ್ಲ ಉರಿದುಹೋಯ್ತು. ಒಂಬತ್ತು ವರ್ಷದಿಂದ ಗೊತ್ತಿದ್ರೆ, ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು ನನಗೆ ಹೇಳಬಾರದಾ ಅಂದೆ.

ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಹೇಳ್ದೆ ಕಣ್ರೀ. ದಿನಾ ಹೇಳ್ತಿದ್ದೆ."